ಮಳೆಗಾಲದ ಟೀಮು

ಹಾಕಿ ಎಂದರೆ ನನಗೆ ಇವತ್ತಿಗೂ ಬೇಸರ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಮುಂದೆ ಬರೆಯುವುದೆಲ್ಲ ಹಾಕಿಯ ಹುಚ್ಚು ಹಿಡಿದಿದ್ದ ಒಬ್ಬ ಮನುಷ್ಯನ ವಿಷಯ. ಹಾಗಂತ ನಾನೂ ಆ ಆಟದ ಭಕ್ತೆ ಎಂದು ಯಾರೂ ತಿಳಿಯಬಾರದು. ನಾನು ಒಬ್ಬ ಫುಲ್‌ಬ್ಯಾಕಿನ ಹೆಂಡತಿ. ವರ್ಷಗಟ್ಟಲೆ ಕೆಂಪು ಮಣ್ಣು ಮೆತ್ತಿದ ಚಡ್ಡಿ, ಕಾಲುಚೀಲ ಒಗೆದವಳು. ಕಟ್ಟೆಯ ಮೇಲೆ ಕೂತು ನೋಡುವವರಿಗೆ ಕಾಣುವ ಆಟ ಬೇರೆ, ಬಚ್ಚಲಲ್ಲಿ ಕೂತು ಒಗೆಯುವವರಿಗೆ ಕಾಣುವ ಆಟ ಬೇರೆ.

ಕಾಕಾ ಹೋದ ತಿಂಗಳು ತೀರಿಕೊಂಡರು. ಪುಣೆಯ ಖಡಕಿಯ ನಮ್ಮ ಚಾಳಿನಲ್ಲಿ ಮರಾಠಿಯವರು, ಕನ್ನಡದವರು, ತೆಲುಗಿನವರು ಎಲ್ಲರೂ ಅವರನ್ನು ಕಾಕಾ ಎಂದೇ ಕರೆಯುತ್ತಿದ್ದರು. ಅವರು ಮಾತ್ರ ಯಾರನ್ನೂ ಹೆಸರು ಹಿಡಿದು ಕರೆದವರಲ್ಲ. ನಮ್ಮ ಮನೆಯವರು ‘ರೈಟ್ ಬ್ಯಾಕ್’. ನಾನು ಕನ್ನಡ ಶಾಲೆಯಲ್ಲಿ ಕಲಿಸುತ್ತಿದ್ದವಳಾದ್ದರಿಂದ ‘ಬಾಯಾರು’. ಸ್ವಂತ ಹೆಂಡತಿಯನ್ನು, ಅವರು ಎದುರಿಗಿಲ್ಲದಾಗ, ‘ಗೋಲಕೀಪರ್’ ಅನ್ನುತ್ತಿದ್ದರು, ಅಕಿನ್ನ ದಾಟಿ ಮನೆಯೊಳಗೆ ಏನೂ ಹೋಗುವುದಿಲ್ಲ ಅಂತ. ಹೆಸರು ಹೇಳದಿರುವುದು ಅವರದೇ ಪದ್ಧತಿ. ಅವರ ಹೆಸರನ್ನು ನಾನೂ ಇಲ್ಲಿ ಬರೆಯುವುದಿಲ್ಲ.

ಅವರು ಗದಗಿನ ಕಡೆಯವರು. ಹುಡುಗರಿದ್ದಾಗ ಊರಲ್ಲಿ ಲೆಫ್ಟ್ ಔಟ್ ಆಡುತ್ತಿದ್ದೆ ಎನ್ನುತ್ತಿದ್ದರು. ಅದನ್ನು ನೋಡಿದವರು ಪುಣೆಯಲ್ಲಿ ಯಾರೂ ಇರಲಿಲ್ಲವಾದ್ದರಿಂದ ನಾವೆಲ್ಲ ಒಪ್ಪಿಕೊಂಡಿದ್ದೆವು. ಕೆಲಸ ತಂತಿ ಕಳಿಸುವ ತಾರ್ ಆಫೀಸಿನಲ್ಲಿ. ಆಳು ಸಣ್ಣ, ಕೊರಳು ಉದ್ದ, ಬೇಸಿಗೆಯಲ್ಲೂ ಬಗಲಲ್ಲಿ ಒಂದು ಕಪ್ಪು ಕೊಡೆ. ಮಾತಾಡುವಾಗ ಆ ಕೊಡೆಯ ತುದಿಯಿಂದ ನೆಲದ ಮೇಲೆ ಪಾಸು ತೋರಿಸುತ್ತಿದ್ದರು. ನಾನು ಬೆಳಿಗ್ಗೆ ಸಾರಿಸಿದ ನೆಲದ ಮೇಲೆ ಮಧ್ಯಾಹ್ನದ ಹೊತ್ತಿಗೆ ಕೊಡೆಯ ಗೀರುಗಳು ತುಂಬಿರುತ್ತಿದ್ದವು.

‘ನಮ್ಮ ಟೀಮು’ ಎಂದು ಅವರು ಹೇಳುತ್ತಿದ್ದುದು ಕಾರ್ಖಾನೆಯ ಟೀಮಿಗೆ. ನಮ್ಮ ಮನೆಯವರು ಆ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದರು. ಬೆಳಗಾವಿಯಿಂದ ಅವರನ್ನು ಕರೆತಂದದ್ದೇ ಹಾಕಿ ಆಡಲಿ ಅಂತ. ಆಟಗಾರರಿಗೆ ಅರ್ಧ ದಿನ ಮಶೀನು, ಅರ್ಧ ದಿನ ಮೈದಾನ. ಕಾಕಾ ಆ ಕಾರ್ಖಾನೆಯ ಗೇಟಿನೊಳಗೆ ಒಂದು ದಿನವೂ ಕಾಲಿಟ್ಟವರಲ್ಲ. ಚಾಳಿನ ಹಿಂದೆ ಮೈದಾನ ಇತ್ತು, ಮೈದಾನದಲ್ಲಿ ಆ ಟೀಮು ಆಡುತ್ತಿತ್ತು, ಇಷ್ಟೇ ಸಂಬಂಧ. ಟೀಮು ಸೋತ ದಿನ ಅವರು ಊಟ ಬಿಡುತ್ತಿದ್ದರು. ಗೆದ್ದ ದಿನವೂ ಸರಿಯಾಗಿ ಉಣ್ಣುತ್ತಿರಲಿಲ್ಲ, ಇನ್ನೊಂದು ಗೋಲು ಆಗಬೇಕಿತ್ತು ಅಂತ.

ಆಗ ಪುಣೆಯಲ್ಲಿ ನಮ್ಮ ಪಾಲಿಗೆ ಹಾಕಿ ಅಂದರೆ ದಸರೆಯ ಖಂಡೇನವಮಿಯಿಂದ ಬೇಸಿಗೆಯ ತನಕ. ಖಂಡೇನವಮಿಯ ದಿನ ಮೈದಾನದ ತಗಡಿನ ಶೆಡ್ಡಿನಲ್ಲಿ ಸ್ಟಿಕ್ಕುಗಳನ್ನೆಲ್ಲ ಗೋಡೆಗೆ ಒರಗಿಸಿ, ಅರಿಷಿಣ ಕುಂಕುಮ ಹಚ್ಚಿ, ಚೆಂಡುಹೂವಿನ ಮಾಲೆ ಹಾಕಿ ಪೂಜೆ ಮಾಡಿದರೆ ಸೀಸನ್ ಸುರು. ಜೂನಿನಲ್ಲಿ ಮಳೆ ಹಿಡಿದು ಮೈದಾನ ರಾಡಿಯಾದರೆ ಸೀಸನ್ ಬಂದ್. ಆಟಗಾರರು ಕಾಲು ಚಾಚಿ ಮಲಗುತ್ತಿದ್ದರು. ಕಾಕಾನ ಕೆಲಸ ಸುರುವಾಗುತ್ತಿದ್ದುದೇ ಆಗ. ನಮ್ಮ ಮನೆಯ ಮುಂದಿನ ಗ್ಯಾಲರಿಯಲ್ಲಿ ಸ್ಟೂಲು ಹಾಕಿಕೊಂಡು ಕೂತು, ಬರುವ ಸೀಸನ್ನಿನ ಟೀಮು ಕಟ್ಟುವುದು. ಅದನ್ನು ಕಟ್ಟಿರಿ ಎಂದು ಅವರಿಗೆ ಯಾರೂ ಹೇಳಿರಲಿಲ್ಲ. ಹೇಳದಿದ್ದರೂ ಮಳೆ ಬಂದೇ ಬರುತ್ತದಲ್ಲ, ಹಾಗೆ ಅವರೂ ಬರುತ್ತಿದ್ದರು. ಕಾಕಿ ಒಮ್ಮೆ ತಮ್ಮ ಮನೆಯ ಬಾಗಿಲಲ್ಲಿ ನಿಂತು, ಸೀಸನ್ನಿನಲ್ಲಿ ಗ್ರೌಂಡು, ಮಳೆಗಾಲದಲ್ಲಿ ಬಾಯಾರ ಗ್ಯಾಲರಿ, ನನ್ನ ಪಾಲಿಗೆ ಯಾವ ಕಾಲ ಬಿಟ್ಟೀರಿ ಎಂದು ಕೇಳಿದ್ದರು. ಕಾಕಾ ಬಹಳ ಹೊತ್ತು ವಿಚಾರ ಮಾಡಿ, ದೀಪಾವಳಿ ಅಂದರು.

ಹುರಿದ ಶೇಂಗಾ ಅವರ ಆಟಗಾರರು. ತಾಟಿನಲ್ಲಿ ಐದು ಮುಂದೆ, ಮೂರು ನಡುವೆ, ಎರಡು ಹಿಂದೆ, ಎಲ್ಲಕ್ಕಿಂತ ಹಿಂದೆ ಒಂದು ದಪ್ಪ ಕಾಳು ಗೋಲಕೀಪರ್. ಯಾರನ್ನು ಟೀಮಿನಿಂದ ತೆಗೆಯಬೇಕು ಅನಿಸಿತೋ ಅವರನ್ನು ತಿಂದುಬಿಡುವುದು. ಪ್ರತಿ ಮಳೆಗಾಲದಲ್ಲೂ ಮೊದಲು ಬಾಯಿಗೆ ಹೋಗುತ್ತಿದ್ದವರು ನಮ್ಮ ಮನೆಯವರು. ನೋಡಿ ಹೇಗಿದೆ ನ್ಯಾಯ: ನನ್ನ ಸ್ಟೂಲಿನ ಮೇಲೆ ಕೂತು, ನನ್ನ ಚಹಾ ಕುಡಿದು, ನಾನು ಹುರಿದ ಶೇಂಗಾದಲ್ಲಿ ನನ್ನ ಗಂಡನನ್ನೇ ಆರಿಸಿ ತಿನ್ನುವುದು. ಒಂದು ದಿನ ತಡೆಯಲಾರದೆ, ಅಷ್ಟು ಸೇರದಿದ್ದರೆ ಬೇರೆ ಮನೆಯ ಚಹಾ ಕುಡಿಯಿರಿ ಎಂದೆ. ಬೇರೆ ಮನೆಯ ಚಹಾ ಚಲೋ ಇರುವುದಿಲ್ಲ ಎಂದರು, ಏನೂ ಆಗದವರ ಹಾಗೆ. ನಮ್ಮವರು ಒಳಗೆ ಮಲಗಿದ್ದಲ್ಲಿಂದಲೇ ನಕ್ಕರು. ಅವರಿಗೆ ಇದಕ್ಕೆಲ್ಲ ಕಾಕಾನ ಮೇಲೆ ಸಿಟ್ಟಿರಲಿಲ್ಲ. ಕ್ಯಾಪ್ಟನ್ನರು ಕಾಕಾನ ಸಲಹೆ ಕೇಳುತ್ತಿರಲಿಲ್ಲವಲ್ಲ, ಅದಕ್ಕೆ.

ನಮ್ಮವರ ಮೇಲೆ ಕಾಕಾಗೆ ಏನು ತಕರಾರು ಅಂದರೆ, ಲಾಂಗ್ ಹಿಟ್. ಚೆಂಡು ಬಂದರೆ ಸಾಕು, ನಮ್ಮವರು ಎತ್ತಿ ಬಾರಿಸುತ್ತಿದ್ದರು; ಅದು ಮೈದಾನದ ಆ ತುದಿಗೆ ಹೋಗುತ್ತಿತ್ತು. ಜನ ಚಪ್ಪಾಳೆ ತಟ್ಟುತ್ತಿದ್ದರು, ಕಾಕಾ ತಲೆಯ ಮೇಲೆ ಕೈ ಹೊತ್ತು ಕೂಡುತ್ತಿದ್ದರು. ಅವರಿಗೆ ಬೇಕಾದದ್ದು ಸಣ್ಣ ಪಾಸು. ಬ್ಯಾಕಿನಿಂದ ಹಾಫಿಗೆ, ಹಾಫಿನಿಂದ ಲೆಫ್ಟ್ ಇನ್ನಿಗೆ, ಅಲ್ಲಿಂದ ಲೆಫ್ಟ್ ಔಟಿಗೆ, ಎಲ್ಲರ ಕೈ ಹತ್ತಿ ಚೆಂಡು ಮುಂದೆ ಹೋಗಬೇಕು. “ಲಾಂಗ್ ಹಿಟ್ ಅಂದ್ರ ಏನ್ರಿ ಬಾಯಾರ? ತನ್ನ ಕೆಲಸಾ ಇನ್ನೊಬ್ಬರ ಮ್ಯಾಲ ಒಗಿಯೂದು,” ಅನ್ನುತ್ತಿದ್ದರು. ನಿಮ್ಮ ಅಡುಗೆಮನೆಯಲ್ಲಿ ಬಿಸಿ ಭಕ್ಕರಿ ಕೈಯಿಂದ ಕೈಗೆ ಸಾಗುತ್ತದಲ್ಲ, ಹಾಗೆ ಸಾಗಬೇಕು ಚೆಂಡು, ಎಂದು ನನಗೆ ತಿಳಿಸಿ ಹೇಳುತ್ತಿದ್ದರು. ನಮ್ಮ ಅಡುಗೆಮನೆಯಲ್ಲಿ ಭಕ್ಕರಿ ನನ್ನ ಕೈಯಿಂದ ಇನ್ನೊಂದು ಕೈಗೆ ಎಂದೂ ಹೋದದ್ದಿಲ್ಲ, ಬಡಿಯುವವಳೂ ನಾನೇ, ಬೇಯಿಸುವವಳೂ ನಾನೇ. ಹೇಳಿ ಏನು ಉಪಯೋಗ.

ಎಲ್ಲದರಲ್ಲೂ ಅವರ ಮಾತು ಸರಿಯಿರುತ್ತಿತ್ತು ಅಂತೇನಿಲ್ಲ. ಬಾಸೆಲ್ ಮಿಶನ್ ಶಾಲೆಯ ಮಾಸ್ತರರಂತೆ ಖಾತ್ರಿಯಿಂದ ಹೇಳಿದ್ದು ಎಷ್ಟೋ ಸಲ ಮೂರಾಬಟ್ಟೆಯಾಗುತ್ತಿತ್ತು. ಈ ಹುಡುಗ ದೇಶಕ್ಕೆ ಆಡುತ್ತಾನೆ ಎಂದು ಅವರು ಹೊಗಳಿದ ಒಬ್ಬ ಸೆಂಟರ್ ಫಾರ್ವರ್ಡ್, ಮದುವೆಯಾದ ವರ್ಷವೇ ಆಟ ಬಿಟ್ಟು ಸಾಸವಡದಲ್ಲಿ ಮಾವನ ಅಡತಿ ಅಂಗಡಿಯಲ್ಲಿ ಕೂತ. ಅದನ್ನು ಎತ್ತಿ ಚೇಷ್ಟೆ ಮಾಡಿದರೆ ಕಾಕಾ, ಅದಕ್ಕೇ ನೋಡಿ, ಮಳೆಗಾಲವೇ ಚಲೋ ಎನ್ನುತ್ತಿದ್ದರು. “ಮಳಿಗಾಲದಾಗ ಎಲ್ಲಾರೂ ಗೆದ್ದೋರ.”

ಇಷ್ಟೇ ಆಗಿದ್ದರೆ ಕಾಕಾ ಎಲ್ಲ ಊರಲ್ಲೂ ಇರುವಂಥ ಒಬ್ಬ ಹುಚ್ಚ ಅಷ್ಟೇ ಆಗುತ್ತಿದ್ದರು. ಆದರೆ ಆ ಟೀಮಿನಲ್ಲಿ ಒಂದು ಪದ್ಧತಿ ಇತ್ತು. ಆಟಗಾರ ತಾನಾಗಿ ‘ಇನ್ನು ಆಡುವುದಿಲ್ಲ’ ಅನ್ನುವ ಹಾಗಿರಲಿಲ್ಲ. ಆಟಕ್ಕೆಂದು ಅನ್ನ ಕೊಟ್ಟಿದ್ದಾರೆ, ಆಟ ಬೇಡ ಅಂದರೆ ಅನ್ನ ಬೇಡ ಅಂದ ಹಾಗೆ ಎಂಬ ತಿಳಿವಳಿಕೆ. ಟೀಮೇ ಅವನನ್ನು ಬಿಡಿಸಬೇಕು. ಬಿಡಿಸುವುದೆಂದರೆ ಹಿರಿಯರಿಗೆ ಎಡೆ ಇಡುವ ಪಕ್ಷಮಾಸದಲ್ಲಿ, ಖಂಡೇನವಮಿಗೆ ಮುಂಚೆ, ಅವನ ಮನೆಗೆ ಹೋಗಿ ಮನೆಯವರ ಎದುರಿಗೆ ಬಾಯಿಬಿಟ್ಟು ಹೇಳಬೇಕು. ಒಮ್ಮೆ ಹಾಗೆ ಹೇಳಿದ ಮೇಲೆ ಮುಗಿಯಿತು, ಹಿಂದೆ ತೆಗೆದುಕೊಳ್ಳುವಂತಿಲ್ಲ. ಯಾವ ಕ್ಯಾಪ್ಟನ್ನನಿಗೂ ಅದು ಬೇಡದ ಕೆಲಸ. ನಾಳೆ ಅದೇ ಮನುಷ್ಯನ ಪಕ್ಕದ ಮಶೀನಿನಲ್ಲಿ ನಿಲ್ಲಬೇಕಲ್ಲ. ಹೀಗಾಗಿ ಯಾವಾಗಲೋ ಒಬ್ಬ ಕ್ಯಾಪ್ಟನ್ನ ಆ ಕೆಲಸವನ್ನು ಕಾಕಾನ ಹೆಗಲಿಗೆ ಹಾಕಿದ, ಆಮೇಲೆ ಅದು ಅವರದೇ ಆಯಿತು. ಅವರು ಕಾರ್ಖಾನೆಯವರಲ್ಲ, ಯಾರ ಬಡತಿ ಕಡಿತದಲ್ಲೂ ಇಲ್ಲ. ಮೇಲಾಗಿ ತಾರ್ ಆಫೀಸಿನವರು; ಸತ್ತ ಸುದ್ದಿಯನ್ನು ನಾಲ್ಕು ಶಬ್ದದಲ್ಲಿ ಹೇಳಿ ರೂಢಿಯಾದವರು.

ಅವರು ಹೇಳುತ್ತಿದ್ದುದೂ ನಾಲ್ಕೇ ಶಬ್ದ: ಈ ವರ್ಷ ನಿನ್ನ ಹೆಸರಿಲ್ಲ. ಅದನ್ನು ಹೇಳುವ ತನಕ ಆ ಮನೆಯಲ್ಲಿ ಚಹಾ ಮುಟ್ಟುತ್ತಿರಲಿಲ್ಲ. ಉಂಡು ಕುಡಿದು ಆಮೇಲೆ ಕೆಟ್ಟದ್ದು ನುಡಿಯುವುದು ಮನುಷ್ಯರ ಲಕ್ಷಣವಲ್ಲ ಅನ್ನುತ್ತಿದ್ದರು. ಹೇಳಿ ಮುಗಿದ ಮೇಲೆ ಆ ಮನೆಯವರು ಕೊಟ್ಟರೆ ಕುಡಿಯುತ್ತಿದ್ದರು, ಕೊಡದಿದ್ದರೆ ಕೊಡೆ ಎತ್ತಿಕೊಂಡು ಬರುತ್ತಿದ್ದರು. ಪಕ್ಷಮಾಸದಲ್ಲಿ ಅವರು ತಮ್ಮ ಓಣಿಗೆ ಬಂದರೆ ಆಟಗಾರರ ಹೆಂಡಂದಿರು ಬಾಗಿಲು ಮುಂದೆ ಮಾಡಿ, ಬಂತು ನೋಡು ಕಾಗಿ, ಅನ್ನುತ್ತಿದ್ದರಂತೆ. ಕಾಕಾಗೆ ಇದು ಗೊತ್ತಿತ್ತು. ಅಂಥ ದಿನಗಳಲ್ಲಿ ನಮ್ಮ ಗ್ಯಾಲರಿಗೆ ಬಂದು ಶೇಂಗಾ ಕೇಳದೆ ಕೂತಿರುತ್ತಿದ್ದರು. ನಾನೂ ಆಗ ಕೆಣಕುತ್ತಿರಲಿಲ್ಲ.

ತೊಂಬತ್ತರ ದಶಕದ ನಡುವಿಗೆ ಬರುವಷ್ಟರಲ್ಲಿ ಕಾರ್ಖಾನೆ ಆಟಗಾರರನ್ನು ಕೆಲಸಕ್ಕೆ ತೆಗೆದುಕೊಳ್ಳುವುದನ್ನೇ ನಿಲ್ಲಿಸಿತು. ಆಟಗಾರರನ್ನೇನು, ಯಾರನ್ನೂ ಕಾಯಂ ಮಾಡಿಕೊಳ್ಳುತ್ತಿರಲಿಲ್ಲ, ಎಲ್ಲ ಕಂತ್ರಾಟು. ಪ್ರತಿ ಜೂನಿನಲ್ಲಿ ಮೊದಲ ಮಳೆ ಬಿದ್ದ ಕೂಡಲೇ ಕಾಕಾ ಬಂದು ನಮ್ಮವರನ್ನು, ಯಾರಾದರೂ ಹೊಸಬರು ಬಂದಿದ್ದಾರೆಯೇ ಎಂದು ಕೇಳುವುದು, ನಮ್ಮವರು ಇಲ್ಲ ಅನ್ನುವುದು. ಬರುವವರಿಲ್ಲ, ಹೋಗುವವರು ಮಾತ್ರ ಇದ್ದರು. ಒಬ್ಬ ನಿವೃತ್ತನಾದ, ಒಬ್ಬ ಕಂಪನಿ ಕೊಟ್ಟ ದುಡ್ಡು ಇಸಿದುಕೊಂಡು ಊರಿಗೆ ಹೋದ, ಒಬ್ಬನ ಬೆನ್ನು ಹಿಡಿಯಿತು. ಅತ್ತ ದೇಹೂ ರೋಡಿನ ಮಿಲಿಟರಿ ಟೀಮಿಗೆ ಪ್ರತಿ ವರ್ಷ ಹೊಸ ಹುಡುಗರು, ಕುದುರೆಯ ಹಾಗೆ ಓಡುವವರು. ಆ ಹುಡುಗರ ಮಾತೆತ್ತಿದರೆ ಕಾಕಾ ಹೊಟ್ಟೆಕಿಚ್ಚಿನಿಂದ ಕೊಡೆ ಕುಟ್ಟುತ್ತಿದ್ದರು. ಸರಕಾರ ಹುಡುಗರನ್ನು ಬೆಳೆಯುತ್ತದೆ, ನಮ್ಮ ಕಂಪನಿ ಬರೀ ಮುದುಕರನ್ನು ಬೆಳೆಯುತ್ತದೆ ಅಂತ.

ತಾಟಿನಲ್ಲಿ ಕಾಳು ಕಡಿಮೆಯಾದವು. ಹೆಚ್ಚಿನವರಿದ್ದಾಗ ಆರಿಸುವುದು, ಜಗಳವಾಡುವುದು. ಟೀಮಿಗೆ ಬೇಕಾದಷ್ಟೇ ಮಂದಿ ಉಳಿದಾಗ ಯಾರನ್ನು ತಿನ್ನುವುದು? ಆ ಮಳೆಗಾಲಗಳಲ್ಲಿ ಕಾಕಾ ಶೇಂಗಾ ಮುಂದಿಟ್ಟುಕೊಂಡು ಒಂದನ್ನೂ ತಿನ್ನದೆ ಎದ್ದುಹೋಗುತ್ತಿದ್ದರು. ಅಷ್ಟರಲ್ಲಿ ಪಿಂಪ್ರಿ ಕಡೆ ಪ್ಲಾಸ್ಟಿಕ್ ಹುಲ್ಲಿನ ಹಸಿರು ಟರ್ಫ್ ಬಂತು. ಲೀಗಿನ ಪಂದ್ಯಗಳೆಲ್ಲ ಅಲ್ಲಿಗೆ ಹೋದವು. ಮಣ್ಣಿನಲ್ಲಿ ಚೆಂಡು ನಿಂತು ನಿಂತು ಬರುತ್ತಿತ್ತು, ಅದರ ಜೊತೆ ನಮ್ಮ ನಡುವಯಸ್ಸಿನವರೂ ನಿಂತು ನಿಂತು ಓಡುತ್ತಿದ್ದರು. ಟರ್ಫಿನ ಮೇಲೆ ಚೆಂಡು ಸೋಪು ಹಚ್ಚಿದಂತೆ ಜಾರುತ್ತಿತ್ತು. ಎಂಟು ಗೋಲು, ಒಂಬತ್ತು ಗೋಲು ತಿಂದು ಬಂದವರಿಗೆ ನಾವು ಹೆಂಡಂದಿರು ಬಿಸಿ ಉಪ್ಪಿನ ಶಾಖ ಕೊಡುತ್ತಿದ್ದೆವು.

ಒಂದು ಮಳೆಗಾಲದ ಮಧ್ಯಾಹ್ನ ಕಾಕಾ ತಾಟಿನಲ್ಲಿ ಮುಂದಿನ ಐದರಲ್ಲಿ ಎರಡು ಕಾಳು ಎತ್ತಿ ಹಿಂದೆ, ಗೋಲಿನ ಹತ್ತಿರ ಇಟ್ಟರು. ಆಮೇಲೆ ಇನ್ನೊಂದನ್ನೂ ಇಟ್ಟರು. ಮುಂದೆ ಎರಡೇ ಉಳಿದವು. ನಮ್ಮವರು ನೋಡುತ್ತಿದ್ದರು. ಕಾಕಾ ತಲೆ ಎತ್ತದೆ, ಇನ್ನು ಮೇಲೆ ಚೆಂಡು ಬಂದರೆ ಬಾರಿಸಿ ದೂರ ಹಾಕಿಬಿಡು, ಲಾಂಗ್ ಹಿಟ್ಟೇ ಗತಿ, ಅಂದರು. ಅವರ ಬಾಯಿಂದ ಆ ಮಾತು ಬಂದದ್ದಕ್ಕೆ ನನಗೆ ಗೆದ್ದೆ ಅನಿಸಬೇಕಿತ್ತು. ಹಾಗೆ ಅನಿಸಲಿಲ್ಲ, ಸಂಕಟವಾಯಿತು. ಚಹಾಕ್ಕೆ ಒಂದು ಚಮಚ ಸಕ್ಕರೆ ಹೆಚ್ಚು ಹಾಕಿ ಕೊಟ್ಟೆ.

ನಮ್ಮವರ ಬಲ ಮೊಣಕಾಲು ಬಾತದ್ದು ಅದರ ಮುಂದಿನ ಸೀಸನ್ನಿನಲ್ಲಿ. ಮೊದಮೊದಲು ಆಡಿ ಬಂದ ದಿನ ಮಾತ್ರ ಬಾಯುತ್ತಿತ್ತು, ಆಮೇಲೆ ಇಳಿಯುವುದನ್ನೇ ಬಿಟ್ಟಿತು. ಡಾಕ್ಟರು ಫೋಟೋ ತೆಗೆಸಿ ನೋಡಿ, ಸವೆದುಹೋಗಿದೆ, ಇನ್ನೊಂದು ಸೀಸನ್ ಆಡಿದರೆ ಆಮೇಲೆ ನಡೆಯುವುದಕ್ಕೂ ಒಬ್ಬರ ಕೈ ಹಿಡಿಯಬೇಕಾಗುತ್ತದೆ ಅಂದರು. ನಾನು ಅಲ್ಲಿಯೇ ಕೈ ಮುಗಿದು, ಆಟ ಬಿಡಿ ಎಂದೆ. ನಮ್ಮವರು ಡಾಕ್ಟರ ಎದುರಿಗೆ ಹೂಂ ಅಂದು, ಹೊರಗೆ ಬಂದ ಮೇಲೆ ನನಗೆ ಹೇಳಿದರು: “ಆಡ್ಲಿ ಅಂತನ ಅನ್ನ ಹಾಕ್ಯಾರ. ಬ್ಯಾಡ ಅಂತ ನಾನಾಗಿ ಹೆಂಗ ಅನ್ಲಿ? ಟೀಮಿನವರು ಬಿಡಿಸಿದ್ರ ಬಿಡ್ತೀನಿ.” ಬಿಡಿಸುವವರು ಯಾರು? ಉಳಿದಿದ್ದವರೇ ಹನ್ನೊಂದು ಮಂದಿ. ಆ ವರ್ಷ ಕಾರ್ಖಾನೆಗೆ ಹೊಸದಾಗಿ ಬಂದ ಸಾಹೇಬರು, ಹನ್ನೊಂದು ಮಂದಿ ಖರೇ ಆಟಗಾರರಿದ್ದರೆ ಮಾತ್ರ ಟೀಮನ್ನು ಲೀಗಿಗೆ ಕಳಿಸುತ್ತೇನೆ, ಇಲ್ಲದಿದ್ದರೆ ಮುಚ್ಚುತ್ತೇನೆ ಅಂದಿದ್ದರು. ಹಿಂದಿನ ಸೀಸನ್ನಿನಲ್ಲಿ ಒಬ್ಬ ಕಡಿಮೆ ಬಿದ್ದಾಗ ಪ್ಯಾಕಿಂಗ್ ಖಾತೆಯ ಗುಮಾಸ್ತನಿಗೆ ಅಂಗಿ ಹಾಕಿಸಿ ನಿಲ್ಲಿಸಿದ್ದರು. ಅವನು ಪಂದ್ಯ ನಡೆಯುವಾಗ ಗೆರೆಯ ಆಚೆಯವರ ಜೊತೆ ಮಾತಾಡುತ್ತ ನಿಂತದ್ದು ಸಾಹೇಬರ ಕಿವಿಗೆ ಬಿದ್ದಿತ್ತು.

ಪಕ್ಷಮಾಸ ಬಂತು. ಕ್ಯಾಪ್ಟನ್ನರು ನಮ್ಮ ಮನೆಗೆ ಬಂದರು. ಮರಾಠಿಯವರು, ಒಳ್ಳೆಯ ಮನುಷ್ಯ. ಇನ್ನೊಂದೇ ವರ್ಷ ವಹಿನಿ, ಎಂದು ಅತ್ತಿಗೆಯನ್ನು ಬೇಡಿಕೊಳ್ಳುವವರ ಹಾಗೆ ನನ್ನ ಎದುರಿಗೆ ಕೈ ಜೋಡಿಸಿದರು. ನಾನು ಡಾಕ್ಟರು ಹೇಳಿದ್ದನ್ನು ಹೇಳಿದೆ, ಧ್ವನಿ ಏರಿಸಿಯೇ ಹೇಳಿದೆ. ಅವರು ಎದ್ದು ಹೋದರು. ಹೋಗುವಾಗ ಗ್ಯಾಲರಿಯ ಆ ತುದಿಯಲ್ಲಿ ಕಾಕಾನನ್ನು ತಡೆದು ಏನೋ ಹೇಳಿದ್ದು ಕಂಡಿತು. ಆಮೇಲೆ ಗೊತ್ತಾಯಿತು, ಬಾಯಾರಿಗೆ ಅವರ ಭಾಷೆಯಲ್ಲಿ ನೀವೇ ತಿಳಿಸಿ ಹೇಳಿ, ಒಪ್ಪಿಸಿ ಅಂತ ಹೇಳಿದ್ದರಂತೆ.

ಮರುದಿನ ಮಧ್ಯಾಹ್ನ ಕಾಕಾ ಬಂದರು. ನಾನು ಶಾಲೆಯಿಂದ ಬರುವಾಗ ಬಸ್ಸಿನಲ್ಲಿಯೇ ಮಾತುಗಳನ್ನು ಹೊಂದಿಸಿಟ್ಟುಕೊಂಡಿದ್ದೆ. ಇಷ್ಟು ವರ್ಷ ಇವರನ್ನು ತಾಟಿನಿಂದ ಎತ್ತಿ ಎತ್ತಿ ತಿಂದಿರಿ, ಈಗ ಬೇಕಾದರಾ ಎಂದು ಕೇಳುವವಳಿದ್ದೆ. ಅವರು ಸ್ಟೂಲಿನ ಮೇಲೆ ಕೂಡುತ್ತಿದ್ದಂತೆ ನಮ್ಮವರು, ಕೂಡ್ರಿ ಕಾಕಾ, ಹಾಲು ತರುತ್ತೇನೆ ಎಂದು ಡಬ್ಬಿ ಹಿಡಿದು ಹೊರಟರು. ಚಾಳಿನ ಮೆಟ್ಟಿಲು ಕಟ್ಟಿಗೆಯದು, ಕಡಿದಾದದ್ದು. ನಮ್ಮವರು ಮೆಟ್ಟಿಲಿಗೆ ಬೆನ್ನು ತಿರುಗಿಸಿ, ಎರಡೂ ಕೈಯಿಂದ ಕಟಾಂಜನ ಹಿಡಿದು, ನಿಚ್ಚಣಿಕೆ ಇಳಿದ ಹಾಗೆ ಹಿಂದು ಹಿಂದಾಗಿ ಇಳಿದರು. ಡಬ್ಬಿಯ ಹಿಡಿಕೆಯನ್ನು ಹಲ್ಲಿನಲ್ಲಿ ಕಚ್ಚಿಕೊಂಡಿದ್ದರು. ಕಾಕಾ ಎದ್ದು ಬಂದು ಗ್ಯಾಲರಿಯ ಅಂಚಿಗೆ ನಿಂತು ನೋಡಿದರು. ಕೆಳಗೆ ಮುಟ್ಟುವ ತನಕ ನೋಡಿದರು.

“ಯಾವಾಗಿಂದ ಹಿಂಗ?” ಅಂದರು.

“ಹ್ವಾದ ಸೀಸನ್ನಿಂದ್ರಿ. ಗ್ರೌಂಡಿಗೆ ಹೋಗೂ ಮುಂದ ಮಂದಿ ನೋಡ್ತಾರಂತ ನೆಟ್ಟಗ ಇಳೀತಾರ,” ಅಂದೆ. ಹೊಂದಿಸಿಟ್ಟುಕೊಂಡ ಮಾತು ಒಂದೂ ಬಾಯಿಗೆ ಬರಲಿಲ್ಲ.

ನಮ್ಮವರು ಹಾಲು ತಂದು ನನ್ನ ಕೈಗೆ ಕೊಟ್ಟರು. ಚಹಾಕ್ಕಿಡುತ್ತೇನೆ ಎಂದು ನಾನು ಒಳಗೆ ತಿರುಗಿದೆ. “ಚಾ ಆಮ್ಯಾಲ, ಬಾಯಾರ,” ಅಂದರು ಕಾಕಾ. ನಮ್ಮ ಮನೆಯಲ್ಲಿ ಅವರು ಆ ಮಾತು ಅಂದದ್ದು ಅದೇ ಮೊದಲು. ನಾನು ಬಾಗಿಲಲ್ಲಿಯೇ ನಿಂತೆ.

“ಈ ವರ್ಷ ನಿನ್ನ ಹೆಸರಿಲ್ಲ,” ಅಂದರು, ನಮ್ಮವರ ಮುಖ ನೋಡಿ.

ನಮ್ಮವರು ನಕ್ಕರು, ಚೇಷ್ಟೆ ಅಂದುಕೊಂಡು. ಕ್ಯಾಪ್ಟನ್ನರು ನಿಮ್ಮನ್ನು ಬೇರೆಯದು ಹೇಳಲು ಕಳಿಸಿದ್ದಲ್ಲವೇ ಅಂದರು. ಕಾಕಾ ನಗಲಿಲ್ಲ. ಯಾರು ಏನಾದರೂ ಹೇಳಿರಲಿ, ನಿನಗೆ ಮೊದಲಿನಿಂದಲೂ ಪಾಸು ಕೊಡಲು ಬಂದಿಲ್ಲ, ಟರ್ಫಿನ ಮೇಲೆ ನಿನ್ನ ಬಗಲಿನಿಂದಲೇ ಗೋಲಾಗುತ್ತವೆ, ಸಾಕು ಅಂದರು. ಮೊಣಕಾಲಿನ ಮಾತೇ ಎತ್ತಲಿಲ್ಲ. ನಮ್ಮವರ ಮುಖ ಇಳಿಯಿತು. “ಹತ್ತ ಮಂದಿ ಉಳೀತಾರಲ್ರಿ ಕಾಕಾ,” ಅಂದರು.

“ನನಗೂ ಎಣಸಾಕ ಬರ್ತದ,” ಅಂದು ಕಾಕಾ ಕೊಡೆ ಎತ್ತಿಕೊಂಡು ಹೋದರು. ಚಹಾಕ್ಕೆ ನಿಲ್ಲಲಿಲ್ಲ.

ಅಲ್ಲಿಂದ ನೆಟ್ಟಗೆ ಕ್ಯಾಪ್ಟನ್ನರ ಮನೆಗೆ ಹೋಗಿ, ಹೇಳಿ ಬಂದಿದ್ದೇನೆ, ಹೆಂಡತಿಯ ಎದುರಿಗೇ ಹೇಳಿದ್ದೇನೆ ಅಂದರಂತೆ. ಪದ್ಧತಿಯ ಪ್ರಕಾರ ಅದು ಮುಗಿದ ಮಾತು. ಕ್ಯಾಪ್ಟನ್ನರು ತಲೆ ಹಿಡಿದುಕೊಂಡು ಕೂತರಂತೆ. ಆ ವರ್ಷ ಟೀಮು ಲೀಗಿಗೆ ಹೋಗಲಿಲ್ಲ. ಸಾಹೇಬರು ಹೇಳಿದಂತೆಯೇ ಮಾಡಿದರು. ಶೆಡ್ಡಿಗೆ ಬೀಗ ಬಿತ್ತು, ಎಲ್ಲರಿಗೂ ಪೂರ್ತಿ ದಿನದ ಕೆಲಸ ಬಂತು. ಉಳಿದ ಹತ್ತು ಮಂದಿಯ ಅರ್ಧ ದಿನದ ಸವಲತ್ತು ಹೋಯಿತು. ಅವರ ಮನೆಗಳಲ್ಲಿ ಕಾಕಾನ ಹೆಸರು ಹಿಡಿದು ಬೈದರು. ಕಂಡೋರ ಟೀಮು, ಈ ತಾರಿನ ಮುದುಕನಿಗೆ ಯಾಕೆ ಬೇಕಿತ್ತು ಅಂತ ಚಾಳಿನಲ್ಲೂ ಆಡಿಕೊಂಡರು. ಕಾಕಾ ಸಂಜೆ ಮೈದಾನದ ಕಡೆ ಹೋಗುವುದನ್ನು ಬಿಟ್ಟರು. ಗೋಡೆ ಕಡೆ ಮುಖ ಮಾಡಿ ಮಲಗಿರುತ್ತಾರೆ ಅಂತ ಕಾಕಿ ನನ್ನ ಹತ್ತಿರ ಹೇಳಿ ಕಣ್ಣೀರು ತೆಗೆದರು.

ನಮ್ಮವರೂ ಅವರ ಜೊತೆ ಮಾತು ಬಿಟ್ಟರು. ನಾನು ಎಷ್ಟು ಹೇಳಿದರೂ ಕೇಳಲಿಲ್ಲ. ನಿಮ್ಮ ಕಾಲಿಗಾಗಿ ಮಾಡಿದ್ದಾರೆ ಅಂದರೆ, ಕಾಲಿನ ಮಾತು ಅವರು ಎತ್ತಲೇ ಇಲ್ಲ, ಆಟ ಬರುವುದಿಲ್ಲ ಅಂದರು, ಟೀಮು ಸತ್ತರೂ ನಾನು ಬೇಡ ಅಂದರು, ಎಂದು ಗೋಡೆಗೆ ಹೇಳಿದ ಹಾಗೆ ಹೇಳುತ್ತಿದ್ದರು. ನನಗೆ ಮಾತ್ರ ಎದೆಯ ಮೇಲಿನ ಕಲ್ಲು ಇಳಿದ ಹಾಗಾಗಿತ್ತು. ಒಂದು ದಿನ ಹೂರಣದ ಹೋಳಿಗೆ ಕಟ್ಟಿಕೊಂಡು ಕಾಕಾನ ಮನೆಗೆ ಹೋದೆ. ನಿಮ್ಮ ಉಪಕಾರ ಎಂದು ಬಾಯಿ ತೆರೆಯುವಷ್ಟರಲ್ಲಿ ಅವರು ತಡೆದು, ಉಪಕಾರ ಗಿಪಕಾರ ಏನೂ ಇಲ್ಲ, ಖರೇ ಹೇಳಿದ್ದೇನೆ, ಅವನಿಗೆ ಪಾಸು ಬರುವುದಿಲ್ಲ ಅಂದರು. ಹೋಳಿಗೆ ಮಾತ್ರ ಇಟ್ಟುಕೊಂಡರು.

ಚಳಿಗಾಲ ಹೋಯಿತು, ಬೇಸಿಗೆ ಹೋಯಿತು. ಮತ್ತೆ ಮಳೆ ಬಂತು. ಗ್ಯಾಲರಿಯಲ್ಲಿ ನಾನು ಸ್ಟೂಲು ಹಾಕಿಟ್ಟೆ, ಅವರು ಬರಲಿಲ್ಲ. ಬಂದು ಮಾಡುವುದಾದರೂ ಏನಿತ್ತು, ಕಟ್ಟಲು ಟೀಮೇ ಇರಲಿಲ್ಲ. ತಮ್ಮ ಮನೆಯ ಹೊಸ್ತಿಲ ಮೇಲೆ ಕೂತು ಮಳೆ ನೋಡುತ್ತಿದ್ದರು. ನಾಲ್ಕು ಬಾಗಿಲು ಆಚೆ, ಅಷ್ಟೇ. ಇತ್ತ ನಮ್ಮವರು ನಮ್ಮ ಬಾಗಿಲಲ್ಲಿ ಕೂತು ಅದೇ ಮಳೆ ನೋಡುತ್ತಿದ್ದರು. ಇಬ್ಬರು ಗಂಡಸರ ಈ ಹಟ ನೋಡಿ ನೋಡಿ ನನಗೆ ಸಾಕಾಗಿಹೋಗಿತ್ತು.

ಒಂದು ರವಿವಾರ ನಾನು ಗ್ಯಾಲರಿಯ ತಂತಿಯ ಮೇಲೆ ಬಟ್ಟೆ ಹರವುತ್ತಿದ್ದೆ. ನಮ್ಮವರು ಎದ್ದು ನಿಧಾನವಾಗಿ ನಡೆದು ಹೋಗಿ ಕಾಕಾನ ಎದುರಿಗೆ ನಿಂತರು.

“ಕಾಕಾ, ಒಂದ ಮಾತ ಕೇಳ್ತೀನಿ. ನಾ ಅಷ್ಟ ಕೆಟ್ಟ ಆಡ್ತಿದ್ನೇನ್ರಿ? ಟೀಮ್ ಮುಳಗಿದ್ರ ಮುಳಗಲಿ, ಇಂವಾ ಬ್ಯಾಡ ಅನ್ನೂ ಅಷ್ಟ?”

ಕಾಕಾ ಅವರ ಮುಖ ನೋಡಲಿಲ್ಲ. ಮಳೆಯನ್ನೇ ನೋಡುತ್ತ, “ಪಾಸು ನಿನಗ ಬರ್ತಿದ್ದಿಲ್ಲ, ಅದು ಖರೇ,” ಅಂದರು. ಆಮೇಲೆ ಅಂದರು: “ಟೀಮು ಇವತ್ತಿಲ್ಲಾ ನಾಳೆ ಹೋಗೂದ ಇತ್ತೋ ತಮ್ಮಾ. ನೀ ನಡದಾಡಬೇಕಲ್ಲ.”

ಗುರುತಾದಂದಿನಿಂದ ಅವರು ನಮ್ಮವರನ್ನು ‘ರೈಟ್ ಬ್ಯಾಕ್’ ಅಲ್ಲದೆ ಬೇರೆ ಏನೂ ಅಂದಿರಲಿಲ್ಲ. ನಮ್ಮವರು ಹೊಸ್ತಿಲ ಪಕ್ಕದಲ್ಲಿ ಗೋಡೆಗೆ ಒರಗಿ, ಬಲಗಾಲು ಚಾಚಿ ಕೂತರು. ನಾನು ಹಸಿ ಬಟ್ಟೆಯ ಬುಟ್ಟಿಯನ್ನು ಅಲ್ಲಿಯೇ ಬಿಟ್ಟು ಒಳಗೆ ಹೋಗಿ ಅತ್ತೆ.

ಆಮೇಲೆ ಕೆಲವು ಮಳೆಗಾಲ ಚೆನ್ನಾಗಿಯೇ ಕಳೆದವು. ಟೀಮಿಲ್ಲದೆಯೂ ಇಬ್ಬರೂ ಕೂತು ಯಾವ ಯಾವುದೋ ಟೀಮಿನ ಗುಣದೋಷ ಎಣಿಸುತ್ತಿದ್ದರು. ದೇಹೂ ರೋಡಿನವರ ಬಗ್ಗೆ ಮಾತ್ರ ಕಾಕಾನ ಸಿಟ್ಟು ಕೊನೆಯ ತನಕ ಇಳಿಯಲಿಲ್ಲ. ಮೈದಾನಕ್ಕೆ ಕಂಪೌಂಡು ಬಿದ್ದು ಲಾರಿಗಳು ನಿಂತವು. ಚಾಳಿನ ಹುಡುಗರೆಲ್ಲ ಈಗ ಖರಾಡಿಯ ಆಫೀಸುಗಳಿಗೆ ಹೋಗುತ್ತಾರೆ. ಕಾಕಾ ಯಾರು, ಯಾವ ಆಟ, ಅವರಿಗೆ ಗೊತ್ತಿಲ್ಲ. ಕಾಕಾ ಮಲಗಿದಲ್ಲಿಯೇ ಹೋದರು, ಯಾರಿಗೂ ತ್ರಾಸು ಕೊಡಲಿಲ್ಲ.

ಆ ಹುಡುಗರೇ ಫೋನು ಮಾಡಿ ಶವದ ಗಾಡಿ ತರಿಸುತ್ತೇವೆ ಅಂದರು. ನಮ್ಮವರು ಬೇಡ ಅಂದರು. ಹಳೆಯ ಟೀಮಿನವರಲ್ಲಿ ಇನ್ನೂ ಮೂವರು ಖಡಕಿಯಲ್ಲಿದ್ದರು, ಕ್ಯಾಪ್ಟನ್ನರೂ ಬಂದರು. ಕಾಕಾನನ್ನು ನದಿಯ ದಂಡೆಯ ಸ್ಮಶಾನಕ್ಕೆ ಹೊತ್ತುಕೊಂಡೇ ಹೋದರು. ದಾರಿಯಲ್ಲಿ ಉಳಿದವರೆಲ್ಲ ಹೆಗಲು ಬದಲಿಸಿದರಂತೆ. ನಮ್ಮವರು ಮಾತ್ರ, ಯಾರಾದರೂ ಹತ್ತಿರ ಬಂದು ಕೈ ಚಾಚಿದಾಗಲೆಲ್ಲ ತಲೆ ಅಲ್ಲಾಡಿಸಿ ಮುಂದೆ ನಡೆದರಂತೆ, ಕೊನೆಯ ತನಕ. ಮನೆಗೆ ಬಂದು ಸ್ನಾನ ಮಾಡಿ ಕೂತ ಮೇಲೆ, ಕಾಲು ನೋಯುತ್ತಿದೆಯಾ ಎಂದು ಕೇಳಿದೆ. ಇಲ್ಲ ಅಂದರು. ಅದನ್ನು ಹೇಳಿ, ಮಗುವಿನ ಹಾಗೆ ಅಳತೊಡಗಿದರು.